ಮಾರ್ಗಮಧ್ಯ ಕುಶಲೋಪರಿ ನಿಯಮಗಳು

ಪಂಚನಹಳ್ಳಿಯಿಂದ ಚೌಳಹಿರಿಯೂರಿನ ಕಡೆಗೆ ಹೋಗುವ ಡಾಂಬರು ರಸ್ತೆಯ ಅಗಲ ಹದಿನೆಂಟು ಅಡಿ. ಒಂದು ಟ್ರಾಕ್ಟರು ಮತ್ತು ಒಂದು ಗೂಡ್ಸ್ ಆಟೋ ಎದುರಾಗಿ ಬಂದು ಪಕ್ಕಪಕ್ಕ ನಿಂತರೆ ಅದರಲ್ಲಿ ಹದಿನೈದು ಅಡಿ ಹೋಗುತ್ತದೆ. ಉಳಿದ ಮೂರು ಅಡಿ ಸಾರ್ವಜನಿಕರದು. ಈ ಹಂಚಿಕೆಯ ಬಗ್ಗೆ ಬಹಳ ವರ್ಷ ಯಾರೂ ತಕರಾರು ತೆಗೆದಿರಲಿಲ್ಲ.

ಆ ಭಾಗದಲ್ಲಿ ಗುರುತಿನವರ ಗಾಡಿ ಎದುರಾದರೆ ನಿಲ್ಲಿಸಿ ಮಾತಾಡಿಸುವುದು ಪದ್ಧತಿ. ರಸ್ತೆ ಬಿಟ್ಟು ಪಕ್ಕಕ್ಕಿಳಿದು ನಿಲ್ಲಿಸುವುದು ಪದ್ಧತಿಯಲ್ಲ. ಪಕ್ಕಕ್ಕೆ ಹೋದರೆ ಏನೋ ಗುಟ್ಟಿನ ವ್ಯವಹಾರವಿದೆ ಎಂದು ಜನ ತಿಳಿಯುತ್ತಾರೆ. ಎಂಜಿನ್ ಆಫ್ ಮಾಡುವುದೂ ಇಲ್ಲ. ಆಫ್ ಮಾಡಿದರೆ ನಿಂತಂತೆ, ಆನ್ ಇದ್ದರೆ ಹೊರಟಂತೆಯೇ ಲೆಕ್ಕ. ಸುಮ್ಮನೆ ಕೈಯೆತ್ತಿ ಮುಂದೆ ಹೋಗುವವರೂ ಇದ್ದಾರೆ, ಆದರೆ ಅವರ ಗತಿ ಏನಾಗುತ್ತದೆ ಎಂಬುದಕ್ಕೆ ರೇವಣಪ್ಪನವರೇ ಸಾಕ್ಷಿ. ಎರಡು ವರ್ಷದ ಹಿಂದೆ ಅವರು ಎದುರಿಗೆ ಬಂದ ಷಡ್ಡಕನನ್ನು ಮಾತಾಡಿಸದೆ ಬೈಕ್ ಓಡಿಸಿಕೊಂಡು ಹೋದರು. ಷಡ್ಡಕ ಮಗಳ ಮದುವೆಗೆ ಅವರನ್ನು ಕರೆಯಲಿಲ್ಲ. ಅವತ್ತು ರೇವಣಪ್ಪನವರಿಗೆ ಹಾವು ಕಚ್ಚಿತ್ತಂತೆ, ಆಸ್ಪತ್ರೆಗೆ ಹೋಗುತ್ತಿದ್ದರಂತೆ. ಅದನ್ನೇ ಒಂದು ನಿಮಿಷ ನಿಂತು ಹೇಳಿ ಹೋಗಬಹುದಿತ್ತಲ್ಲ ಎಂಬುದು ಷಡ್ಡಕನ ವಾದ. ಊರಿನವರಿಗೂ ಅದು ನ್ಯಾಯವಾಗಿಯೇ ಕಂಡಿತು.

ಇಂಥ ರಸ್ತೆಯಲ್ಲಿ ಕರೆಕಟ್ಟೆಪುರದ ಮಾಲಿನಿ ಒಂಬತ್ತು ವರ್ಷದಿಂದ ಸ್ಕೂಟರಿನಲ್ಲಿ ಓಡಾಡುತ್ತಿದ್ದಳು. ಹನ್ನೊಂದು ಕಿಲೋಮೀಟರ್ ಆಚೆ, ಬಿಳಿಕಲ್ಲಹಟ್ಟಿಯ ಸರ್ಕಾರಿ ಶಾಲೆಯಲ್ಲಿ ಅವಳು ಟೀಚರು. ಬೆಳಿಗ್ಗೆ ಒಂಬತ್ತೂವರೆಯೊಳಗೆ ಶಾಲೆಯ ಆವರಣದಲ್ಲಿ ನಿಂತು ಮೊಬೈಲಿಗೆ ಮುಖ ತೋರಿಸಬೇಕು. ಒಂದು ನಿಮಿಷ ದಾಟಿದರೂ ಮೊಬೈಲು ಕೆಂಪು ಅಕ್ಷರದಲ್ಲಿ ‘ತಡ’ ಎಂದು ಬರೆದುಕೊಳ್ಳುತ್ತದೆ. ಆ ವರ್ಷ ಕರೆಕಟ್ಟೆಪುರದ್ದೇ ಶಾಲೆಯಲ್ಲಿ ಒಂದು ಜಾಗ ಖಾಲಿಯಾಯಿತು. ಮನೆಯ ಹಿತ್ತಿಲಲ್ಲಿ ನಿಂತರೆ ಆ ಶಾಲೆಯ ಗಂಟೆ ಕೇಳುತ್ತದೆ. ಮಾಲಿನಿ ವರ್ಗಾವಣೆಗೆ ಅರ್ಜಿ ಹಾಕಿದಳು. ಪಟ್ಟಿಯಲ್ಲಿ ಅವಳದೇ ಮೊದಲ ಹೆಸರು. ಆದರೆ ವರ್ಷಕ್ಕೆ ಐದಕ್ಕಿಂತ ಹೆಚ್ಚು ಸಲ ತಡವಾದವರ ಹೆಸರನ್ನು ಪಟ್ಟಿಯಿಂದ ತೆಗೆಯತಕ್ಕದ್ದು ಎಂದು ನಿಯಮವಿತ್ತು. ಮಾಲಿನಿಗೆ ಆಗಲೇ ಐದಾಗಿದ್ದವು. ಪಟ್ಟಿ ಅಂತಿಮವಾಗಲು ಇನ್ನೂ ಎರಡು ತಿಂಗಳಿತ್ತು.

ಆ ಐದರಲ್ಲಿ ಎರಡು ಅದೇ ಊರಿನ ಬಸವರಾಜನ ಗೂಡ್ಸ್ ಆಟೋದಿಂದ ಆದವು. ಒಂದು, ಬಸ್ಸಿನ ಡ್ರೈವರೊಬ್ಬ ಎದುರು ಬಸ್ಸಿನ ಡ್ರೈವರಿಗೆ ಕೊತ್ತಂಬರಿ ಸೊಪ್ಪು ದಾಟಿಸಿ, ಅದರ ರುಚಿಯ ಬಗ್ಗೆ ವಿವರಣೆ ಕೊಟ್ಟಿದ್ದರಿಂದ. ಉಳಿದೆರಡು ಅವಳ ಸ್ವಂತ ಮಾವ ಮುದ್ದಪ್ಪನವರ ಟ್ರಾಕ್ಟರಿನಿಂದ. ಮುದ್ದಪ್ಪ ಆ ರಸ್ತೆಯ ಅತ್ಯಂತ ಹಿರಿಯ ಮಾತುಗಾರರು. ಮಾವನ ಹಿಂದೆ ಸ್ಕೂಟರ್ ನಿಲ್ಲಿಸಿಕೊಂಡು ಸೊಸೆ ಹಾರ್ನ್ ಹೊಡೆಯುವ ಹಾಗಿಲ್ಲ. ಒಮ್ಮೆ ತಡೆಯಲಾರದೆ ಹೊಡೆದಿದ್ದಳು. ಮುದ್ದಪ್ಪ ಬೈಯಲಿಲ್ಲ, ಅವರು ಬೈಯುವ ಜನವಲ್ಲ. ರಾತ್ರಿ ಊಟದ ಹೊತ್ತಿಗೆ, ಸ್ಕೂಟರಿನ ಹಾರ್ನ್ ತಾನಾಗಿಯೇ ಬಡಕೊಳ್ಳುತ್ತಿದೆ, ರಿಪೇರಿ ಮಾಡಿಸುತ್ತೇನೆ ಎಂದು ಹೆಂಡತಿ ಕರಿಬಸಮ್ಮನ ಮೂಲಕ ಹೇಳಿಕಳಿಸಿದರು. ಮರುದಿನ ಮೆಕ್ಯಾನಿಕ್ ಬಂದು ಹಾರ್ನಿನ ವೈರು ಕಿತ್ತುಹಾಕಿ ಹೋದ.

ಮಾಲಿನಿಗೆ ಸಿಟ್ಟು ಬಂದಿತ್ತು. ಸಿಟ್ಟಿಗಿಂತ ಹೆಚ್ಚಾಗಿ ಭಯವಾಗಿತ್ತು. ಕಡೂರಿನಲ್ಲಿ ಸುಗಮ ಸಂಚಾರ ಸಮಿತಿ ಎಂಬುದೊಂದಿತ್ತು. ಅದಕ್ಕೆ ಅರ್ಜಿ ಬರೆದಳು. ಎಡಕ್ಕೆ ಇಂಡಿಕೇಟರ್ ಹಾಕಿ ಬಲಕ್ಕೆ ತಿರುಗುವವರು, ಭುಜಕ್ಕೂ ಕಿವಿಗೂ ನಡುವೆ ಮೊಬೈಲ್ ಸಿಕ್ಕಿಸಿಕೊಂಡು ಕುತ್ತಿಗೆ ವಾಲಿಸಿ ಓಡಿಸುವವರು, ಹೆಡ್‌ಲೈಟನ್ನು ಎದುರಿನವರ ಕಣ್ಣಿಗೇ ಬಿಡುವವರು, ಇವರನ್ನೆಲ್ಲ ತಾನು ಸಹಿಸಿಕೊಳ್ಳಲು ಸಿದ್ಧ. ರಸ್ತೆ ಮಧ್ಯೆ ಗಾಡಿ ನಿಲ್ಲಿಸಿ ಹರಟುವವರನ್ನು ಮಾತ್ರ ದಯವಿಟ್ಟು ಪಕ್ಕಕ್ಕೆ ಸರಿಸಬೇಕು ಎಂದು ಕೋರಿದಳು. ಯಾರ ಹೆಸರನ್ನೂ ಬರೆಯಲಿಲ್ಲ. ಸೊಸೆಯಾದವಳು ಬರೆಯುವುದು ಹೇಗೆ?

ಸಮಿತಿ ಅರ್ಜಿಯನ್ನು ಗಂಭೀರವಾಗಿ ಪರಿಗಣಿಸಿತು. ಸ್ಥಳ ತನಿಖೆಗೆ ತೀರ್ಥೇಶ್ ಎಂಬ ಅಧಿಕಾರಿಯನ್ನು ನೇಮಿಸಿ, ತನಿಖೆಗೆಂದು ಒಂದು ಹೊಸ ಜೀಪನ್ನೂ ಖರೀದಿಸಿತು. ತೀರ್ಥೇಶ್ ಒಂದು ಸೋಮವಾರ ಎಂಟೂವರೆಗೆ ಆ ರಸ್ತೆಗೆ ಬಂದರು. ಎದುರಿಗೆ ಮುದ್ದಪ್ಪನವರ ಟ್ರಾಕ್ಟರ್ ಬಂತು. ಸ್ಥಳ ತನಿಖೆಯನ್ನು ಸ್ಥಳದಲ್ಲೇ ಮಾಡಬೇಕಾದ್ದರಿಂದ ತೀರ್ಥೇಶ್ ಜೀಪನ್ನು ಟ್ರಾಕ್ಟರಿನ ಪಕ್ಕಕ್ಕೆ ತಂದು ನಿಲ್ಲಿಸಿ ಕಿಟಕಿಯಿಂದ ತಲೆ ಹೊರಹಾಕಿದರು.

“ಇಲ್ಲಿ ರಸ್ತೆ ಮಧ್ಯ ಗಾಡಿ ನಿಲ್ಲಿಸ್ಕೊಂಡು ಮಾತಾಡ್ತಾರೆ ಅಂತ ದೂರು ಬಂದಿದೆ. ನಿಜವಾ ಯಜಮಾನ್ರೇ?”

“ಯಾರು ಸಾರ್ ಹಂಗಂದೋರು?” ಎಂದರು ಮುದ್ದಪ್ಪ. “ನಾವು ನಿಲ್ಸೋದೇ ಇಲ್ಲ. ಬೇಕಾರೆ ನೋಡ್ಕಳಿ, ಎಂಜಿನ್ ಆನ್ ಐತೆ.”

ತೀರ್ಥೇಶ್ ಬಗ್ಗಿ ನೋಡಿ, ಎಂಜಿನ್ ಆನ್ ಇರುವುದನ್ನು ಗುರುತು ಹಾಕಿಕೊಂಡರು. ಆಮೇಲೆ ಮುದ್ದಪ್ಪ ಅವರ ಊರು ಕೇಳಿದರು, ತಂದೆಯ ಹೆಸರು ಕೇಳಿದರು, ತಂದೆಯ ತಾಯಿಯ ತವರು ಪಂಚನಹಳ್ಳಿಯ ಕಡೆಯದೇ ಎಂದು ಪತ್ತೆಹಚ್ಚಿದರು. ತನಿಖೆ ನಲವತ್ತೆಂಟು ನಿಮಿಷ ನಡೆಯಿತು. ಅರ್ಜಿದಾರಳಾದ ಮಾಲಿನಿ ಅಷ್ಟು ಹೊತ್ತೂ ಜೀಪಿನ ಹಿಂದೆ ಸ್ಕೂಟರ್ ಮೇಲೆ ಕೂತು, ತನ್ನ ಅರ್ಜಿಯ ವಿಚಾರಣೆ ಇಷ್ಟು ಶ್ರದ್ಧೆಯಿಂದ ನಡೆಯುತ್ತಿರುವುದನ್ನು ನೋಡುತ್ತಿದ್ದಳು. ಅವತ್ತು ಒಂಬತ್ತು ಇಪ್ಪತ್ತೊಂಬತ್ತಕ್ಕೆ ಶಾಲೆ ಮುಟ್ಟಿ, ಹೆಲ್ಮೆಟ್ ಕಿತ್ತೆಸೆದು ಮೊಬೈಲಿಗೆ ಮುಖ ತೋರಿಸಿದಳು. ಕೂದಲು ಕೆದರಿದ್ದರಿಂದ ಮೊಬೈಲು ಮೊದಲು ಅವಳನ್ನು ಗುರುತಿಸಲಿಲ್ಲ. ಎರಡನೇ ಸಲಕ್ಕೆ ಒಪ್ಪಿಕೊಂಡಿತು.

ವರದಿ ಹದಿನೈದು ದಿನದಲ್ಲಿ ಬಂತು. ರಸ್ತೆ ಮಧ್ಯದ ಮಾತುಕತೆಯಿಂದ ಯಾವ ಅಡಚಣೆಯೂ ಕಂಡುಬಂದಿಲ್ಲ, ಹಿಂದಿನಿಂದ ಬಂದವರು ಮುಂದೆ ಹೋಗಬೇಕೆಂದು ಬಯಸುವುದರಿಂದ ಮಾತ್ರ ಅಡಚಣೆ ಉಂಟಾಗುತ್ತಿದೆ ಎಂದು ತೀರ್ಥೇಶ್ ಬರೆದಿದ್ದರು. ಈ ವಿಷಯದಲ್ಲಿ ನಿಯಮಗಳೇ ಇಲ್ಲದಿರುವುದು ಶೋಚನೀಯವೆಂದು ಸಮಿತಿಗೆ ಅನ್ನಿಸಿತು. ಕೂಡಲೇ ಮಾರ್ಗಮಧ್ಯ ಕುಶಲೋಪರಿ (ನಿಯಂತ್ರಣ ಮತ್ತು ಪ್ರೋತ್ಸಾಹ) ನಿಯಮಗಳು ಜಾರಿಗೆ ಬಂದವು.

ಅವುಗಳ ಪ್ರಕಾರ ಊಟ ತಿಂಡಿಯ ವಿಚಾರಕ್ಕೆ ಎರಡು ನಿಮಿಷ. ಕೊಳವೆಬಾವಿಯಲ್ಲಿ ನೀರು ಬಂದಿದ್ದರೆ ಐದು ನಿಮಿಷ, ಬಾರದಿದ್ದರೆ ಸಮಾಧಾನ ಹೇಳುವುದೂ ಸೇರಿ ಹತ್ತು. ಹೆಣ್ಣು ಗಂಡಿನ ವಿಚಾರಕ್ಕೆ ಹನ್ನೆರಡು. ಜಮೀನಿನ ಪಾಲಿನ ವಿಚಾರಕ್ಕೆ ಕಾಲಮಿತಿ ಇಲ್ಲ. ನ್ಯಾಯಾಲಯಗಳೇ ಮಿತಿ ಹಾಕದ ವಿಷಯಕ್ಕೆ ಸಮಿತಿ ಮಿತಿ ಹಾಕುವುದು ಉದ್ಧಟತನವಾಗುತ್ತದೆ ಎಂದು ಷರಾ ಬರೆಯಲಾಗಿತ್ತು. ಹಿಂದೆ ನಿಂತ ವಾಹನದವರು ಮೂರು ನಿಮಿಷ ಮೀರಿ ನಿಂತಿದ್ದರೆ ಅವರನ್ನೂ ಮಾತುಕತೆಯ ಪಾಲುದಾರರೆಂದು ಭಾವಿಸತಕ್ಕದ್ದು. ಅವರು ಅಭಿಪ್ರಾಯ ಹೇಳಬಹುದು, ಹಾರ್ನ್ ಮಾಡತಕ್ಕದ್ದಲ್ಲ. ಈ ನಿಯಮಗಳನ್ನು ಬರೆದ ಕಬ್ಬಿಣದ ಬೋರ್ಡುಗಳನ್ನು ಅರ್ಧ ಕಿಲೋಮೀಟರಿಗೊಂದರಂತೆ ನಿಲ್ಲಿಸುವ ಕಂಟ್ರಾಕ್ಟು ಸಮಿತಿ ಅಧ್ಯಕ್ಷರ ಭಾವಮೈದನಿಗೆ ಸಿಕ್ಕಿತು. ಬೋರ್ಡುಗಳು ತಲಾ ಮೂರು ಅಡಿ ಅಗಲವಿದ್ದವು. ರಸ್ತೆಯಲ್ಲಿ ಸಾರ್ವಜನಿಕರಿಗೆ ಉಳಿದಿದ್ದ ಜಾಗದಲ್ಲಿ ಅವು ಅಳತೆಗೆ ಸರಿಯಾಗಿ ಕೂತವು.

ಮಾಲಿನಿ ಕಡೂರಿಗೆ ಹೋಗಿ ತೀರ್ಥೇಶರನ್ನು ಕಂಡಳು. ತನಗೆ ಮಾತಾಡುವುದೇನೂ ಇಲ್ಲ, ಶಾಲೆಗೆ ಹೋದರೆ ಸಾಕು ಎಂದಳು. ತೀರ್ಥೇಶ್ ಕರುಣೆಯುಳ್ಳವರು. ಅಂಥ ವಿಶೇಷ ಅಗತ್ಯವುಳ್ಳವರಿಗಾಗಿಯೇ ‘ನಿಲ್ಲದೆ ಹೋಗುವ ಪರವಾನಗಿ’ ಇದೆ ಎಂದು ಒಂದು ಫಾರಂ ಕೊಟ್ಟರು. ಅದಕ್ಕೆ, ಅವಳು ನಿಲ್ಲದೆ ಹೋದರೆ ಯಾರ ಮನಸ್ಸಿಗೆ ನೋವಾಗುತ್ತದೋ ಅಂಥ ಇಬ್ಬರು ಹಿರಿಯರಿಂದ ನಿರಾಕ್ಷೇಪಣಾ ಸಹಿ ಬೇಕಿತ್ತು. ಒಬ್ಬರು ಕುಟುಂಬದವರಾಗಿರತಕ್ಕದ್ದು. ಪರವಾನಗಿ ಸಿಕ್ಕಮೇಲೆ ಎದುರಾದ ಪ್ರತಿಯೊಂದು ವಾಹನವನ್ನೂ ತಡೆದು, ಅದನ್ನು ತೋರಿಸಿ, ಓದಿ ಹೇಳಿ ಮುಂದೆ ಹೋಗಬೇಕಿತ್ತು.

ಹಾವು ಕಚ್ಚಿಸಿಕೊಂಡಿದ್ದ ರೇವಣಪ್ಪ ಮರುಮಾತಿಲ್ಲದೆ ಸಹಿ ಹಾಕಿದರು. ಮಾವನ ಮುಂದೆ ಮಾತ್ರ ಫಾರಂ ನಾಲ್ಕು ದಿನ ಕಾಫಿ ಲೋಟದ ಪಕ್ಕದಲ್ಲಿ ಬಿದ್ದಿತ್ತು. ಪಟ್ಟಿ ಅಂತಿಮವಾಗಲು ಒಂದು ವಾರ ಉಳಿದಾಗ ಮಾಲಿನಿ ನಾಚಿಕೆ ಬಿಟ್ಟು ನೇರವಾಗಿ ಕೇಳಿದಳು.

“ರಸ್ತೆ ವಿಚಾರ ರಸ್ತೇಲೇ ಆಗ್ಬೇಕು ಕಣವ್ವ,” ಎಂದರು ಮುದ್ದಪ್ಪ. “ಮನೇಲಿ ಕೂತು ಸೈನ್ ಹಾಕಿದ್ರೆ ಸೊಸೆಗೆ ಹೆದರ್ಕಂಡು ಹಾಕ್ದ ಅಂತಾರೆ. ನಾಳೆ ಹುಣಸೆಮರದ ತಿರುವಲ್ಲಿ ಸಿಗ್ತೀನಿ, ಅಲ್ಲಿ ಕೊಡು.”

ಮರುದಿನ ಮಾಲಿನಿ ಅರ್ಧ ಗಂಟೆ ಮೊದಲೇ ಹೊರಟಳು. ಮುದ್ದಪ್ಪ ಹೇಳಿದ ಮಾತಿಗೆ ತಪ್ಪದೆ ತಿರುವಿನಲ್ಲಿ ಎದುರಾದರು. ಅವಳು ಸ್ಕೂಟರನ್ನು ಟ್ರಾಕ್ಟರಿನ ಪಕ್ಕಕ್ಕೆ, ರಸ್ತೆಯ ಸರಿಯಾಗಿ ಮಧ್ಯದಲ್ಲಿ ನಿಲ್ಲಿಸಿ ಫಾರಂ ಕೊಟ್ಟಳು. ಓದದೆ ಸಹಿ ಹಾಕುವುದು ಮುದ್ದಪ್ಪನವರ ಜಾಯಮಾನವಲ್ಲ. ಕನ್ನಡಕ ಹುಡುಕಿ, ಒರೆಸಿ, ಮೊದಲ ಸಾಲಿನಿಂದ ಗಟ್ಟಿಯಾಗಿ ಓದತೊಡಗಿದರು. ಅಷ್ಟರಲ್ಲಿ ಬಸವರಾಜನ ಆಟೋ ಬಂದು ನಿಂತಿತು. ‘ಮನಸ್ಸಿಗೆ ನೋವು’ ಎಂದರೆ ಎಷ್ಟು ನೋವು, ಒಂದು ದಿನದ್ದೋ ತಿಂಗಳದ್ದೋ ಎಂದು ಅವನು ಕೇಳಿದ. ಅದು ನ್ಯಾಯವಾದ ಪ್ರಶ್ನೆಯೇ ಆಗಿದ್ದರಿಂದ ಮುದ್ದಪ್ಪ ಮತ್ತೆ ಮೊದಲಿನಿಂದ ಓದಿದರು.

ಒಂಬತ್ತಾಯಿತು. ಒಂಬತ್ತೂಕಾಲೂ ಆಯಿತು. ಮಾಲಿನಿ ಗಡಿಯಾರ ನೋಡಿ ಲೆಕ್ಕ ಹಾಕಿದಳು. ಫಾರಂ ಬಿಟ್ಟು ಹೋದರೆ ಶಾಲೆ ಸಿಗುತ್ತದೆ, ಆದರೆ ಮಾತಿನ ಮಧ್ಯೆ ಎದ್ದು ಹೋದಳೆಂದು ಮಾವ ಇನ್ನೆಂದೂ ಸಹಿ ಹಾಕುವುದಿಲ್ಲ. ಉಳಿದ ಆರು ದಿನದಲ್ಲಿ ಒಂದು ದಿನ ಎಲ್ಲೋ ಸಿಕ್ಕಿಬೀಳುವುದು ಖಂಡಿತ. ಹೋಗದೆ ನಿಂತರೆ ಇವತ್ತೇ ಆರನೆಯ ತಡ. ಹೀಗೆ ಯೋಚಿಸುತ್ತಿರುವಾಗ ಹಿಂದಿನಿಂದ ಬಸ್ಸಿನ ಹಾರ್ನ್ ಕೇಳಿಸಿತು. ನಿಯಮ ಗೊತ್ತಿಲ್ಲದ ಹೊಸ ಡ್ರೈವರಿರಬೇಕು. ಮಾಲಿನಿ ಗರ್ರನೆ ತಿರುಗಿದಳು.

“ಎರಡು ನಿಮಿಷ ತಡ್ಕೊಳ್ಳಪ್ಪಾ. ಮಾತಾಡ್ತಿರೋದು ಕಾಣಲ್ವಾ?”

ಆ ಮಾತು ತನ್ನ ಬಾಯಿಂದ ಬಂತೆಂದು ತಿಳಿದಾಗ ಅವಳಿಗೆ ಅಳು ಬಂತು. ಮುದ್ದಪ್ಪ ಮಾತ್ರ ಮೊದಲ ಸಲ ಸೊಸೆಯನ್ನು ಮೆಚ್ಚುಗೆಯಿಂದ ನೋಡಿದರು. ಅಲ್ಲೇ ಸಹಿ ಹಾಕಿಕೊಟ್ಟರು. ಆದರೆ ಗಂಟೆ ಒಂಬತ್ತು ಇಪ್ಪತ್ತಾರಾಗಿತ್ತು, ಶಾಲೆ ಇನ್ನೂ ಒಂಬತ್ತು ಕಿಲೋಮೀಟರ್ ದೂರವಿತ್ತು. ಮಾಲಿನಿ ಫಾರಂ ಮಡಿಚಿ ಚೀಲಕ್ಕೆ ಹಾಕಿಕೊಂಡಳು.

ಆಗ ಬಸ್ಸಿನಿಂದ ಬಿಳಿಕಲ್ಲಹಟ್ಟಿ ಶಾಲೆಯ ಹೆಡ್‌ಮೇಡಂ ತನುಜಾ ಇಳಿದರು. ಅವರ ಹಿಂದೆ ಉಳಿದ ಇಬ್ಬರು ಟೀಚರುಗಳೂ ಇಳಿದರು. ಬಸ್ಸಿನ ಹಿಂದಿದ್ದ ಆಟೋಗಳಲ್ಲಿ ಆ ಶಾಲೆಯ ಮುಕ್ಕಾಲುಪಾಲು ಮಕ್ಕಳಿದ್ದರು. ಇಡೀ ಶಾಲೆಯೇ ಹುಣಸೆಮರದ ತಿರುವಿನಲ್ಲಿತ್ತು. ತನುಜಾ ಮೇಡಂ ವಿಷಯವನ್ನು ಫೋನಿನಲ್ಲಿ ಮೇಲಿನವರಿಗೆ ತಿಳಿಸಿದರು. ಒಬ್ಬರು ತಡವಾದರೆ ತಡ ಎನ್ನಬಹುದು, ಎಲ್ಲರೂ ತಡವಾದರೆ ಶಾಲೆ ಮುಚ್ಚಿತ್ತು ಎಂದು ವರದಿ ಮಾಡಬೇಕಾಗುತ್ತದೆ, ಆಗ ಮೇಲಿನವರು ತಮ್ಮ ಮೇಲಿನವರಿಗೆ ಉತ್ತರ ಕೊಡಬೇಕಾಗುತ್ತದೆ. ಮೇಲಿನವರು ತಡಮಾಡಲಿಲ್ಲ. ಹಾಜರಾತಿಯ ಸ್ಥಳವನ್ನು ಮೊಬೈಲಿನಲ್ಲಿ ಶಾಲೆಯ ಆವರಣದಿಂದ ಹುಣಸೆಮರದ ತಿರುವಿಗೆ ಬದಲಾಯಿಸಿದರು. ಒಂಬತ್ತು ಇಪ್ಪತ್ತೊಂಬತ್ತಕ್ಕೆ ನಾಲ್ವರು ಟೀಚರುಗಳೂ ರಸ್ತೆಯ ಮಧ್ಯೆ ಸಾಲಾಗಿ ನಿಂತು ಮೊಬೈಲ್ ಎತ್ತಿ ಮುಖ ತೋರಿಸಿದರು. ಎಲ್ಲರೂ ಸಕಾಲಕ್ಕೆ ಹಾಜರಾಗಿದ್ದಾರೆಂದು ಹಸಿರು ಅಕ್ಷರ ಮೂಡಿತು.

ವ್ಯವಸ್ಥೆ ಚೆನ್ನಾಗಿತ್ತಾದ್ದರಿಂದ ಯಾರೂ ಅದನ್ನು ಹಿಂದಕ್ಕೆ ಬದಲಾಯಿಸಲಿಲ್ಲ. ದಿನಾ ಒಂಬತ್ತೂವರೆಗೆ ಹಾಜರಾತಿ ಮತ್ತು ಪ್ರಾರ್ಥನೆ ತಿರುವಿನಲ್ಲಿ ನಡೆಯತೊಡಗಿದವು, ಪಾಠಕ್ಕೆ ಮಾತ್ರ ಆಮೇಲೆ ಬಿಳಿಕಲ್ಲಹಟ್ಟಿಗೇ ಹೋಗಬೇಕಿತ್ತು. ಪ್ರಾರ್ಥನೆಯ ಹೊತ್ತಿಗೆ ಮುದ್ದಪ್ಪ ಟ್ರಾಕ್ಟರಿನ ಎಂಜಿನ್ ಆಫ್ ಮಾಡುತ್ತಿದ್ದರು. ಮಾಲಿನಿಯ ಲೆಕ್ಕದಲ್ಲಿ ತಡ ಐದಕ್ಕೇ ನಿಂತಿತು.

ಪಟ್ಟಿ ಅಂತಿಮವಾದ ದಿನ ಆದೇಶ ಬಂತು. ಅದನ್ನು ಅವಳು ತಿರುವಿನಲ್ಲೇ ಒಡೆದು ಓದಿದಳು. ಅರ್ಜಿದಾರರು ಮನೆಗೆ ಹತ್ತಿರವಾದ ಸ್ಥಳಕ್ಕೆ ವರ್ಗಾವಣೆ ಕೋರಿದ್ದು, ಅವರು ಹಾಜರಾಗುವ ಸ್ಥಳವು ಸದರಿ ಅವಧಿಯಲ್ಲಿ ಅವರ ಮನೆಯಿಂದ ಎರಡು ಕಿಲೋಮೀಟರ್ ಅಂತರಕ್ಕೆ ಬಂದಿರುವುದರಿಂದ, ಕೋರಿಕೆ ಪೂರ್ಣವಾಗಿ ಈಡೇರಿದೆ ಎಂದು ಪರಿಗಣಿಸಿ ಕಡತವನ್ನು ಮುಕ್ತಾಯಗೊಳಿಸಲಾಗಿದೆ ಎಂದಿತ್ತು. ಕರೆಕಟ್ಟೆಪುರದ ಖಾಲಿ ಜಾಗ ಪಟ್ಟಿಯ ಎರಡನೇ ಹೆಸರಿನವರಿಗೆ ಹೋಗಿತ್ತು.

ಮಾಲಿನಿ ಆದೇಶವನ್ನು ಎರಡು ಸಲ ಓದಿದಳು. ಹುಡುಕಿದರೂ ತಪ್ಪು ಸಿಗಲಿಲ್ಲ. ಮುದ್ದಪ್ಪ ಕೇಳಿ ತಿಳಿದುಕೊಂಡು, ವರ್ಗ ಆದಮೇಲೆ ಸಿಹಿ ಹಂಚದಿದ್ದರೆ ಹೇಗೆ ಎಂದು ಬಸವರಾಜನ ಕೈಲಿ ಪಂಚನಹಳ್ಳಿಯಿಂದ ಎರಡು ಕೆಜಿ ಲಾಡು ತರಿಸಿದರು. ಅವಳು ಡಬ್ಬ ಹಿಡಿದು ಮೊದಲು ಮಾವನಿಗೆ ಕೊಟ್ಟು, ಆಮೇಲೆ ಹಿಂದೆ ನಿಂತಿದ್ದ ಬಸ್ಸು, ಆಟೋ, ಬೈಕುಗಳಿಗೆಲ್ಲ ಒಂದೊಂದಾಗಿ ಕೊಡುತ್ತಾ ಹೋದಳು. ಕೊನೆಯ ಗಾಡಿಗೆ ತಲುಪುವಷ್ಟರಲ್ಲಿ ಹನ್ನೊಂದಾಯಿತು. “ಮನೆ ಹತ್ತಿರವೇ ಆಯ್ತಲ್ಲ ಮೇಡಂ, ಪುಣ್ಯ ಮಾಡಿದ್ರಿ” ಎಂದರು ಎಲ್ಲರೂ. ಒಬ್ಬರೂ ಹಾರ್ನ್ ಮಾಡಲಿಲ್ಲ. ಇಷ್ಟು ಜನ ಹೇಳಿದಮೇಲೆ ಮಾಲಿನಿಗೂ ತನಗೆ ವರ್ಗವಾಯಿತೆಂದೇ ಅನ್ನಿಸಿತು, ಸಂತೋಷವೂ ಆಯಿತು.