ಭೂತಗನ್ನಡಿಗೆ ಬಿಡುವು

ಕನ್ನಡಕ ತೆಗೆದರೆ ಇರುವೆಯ ಮೀಸೆ ಕಾಣುತ್ತಿತ್ತು, ಹಾಕಿಕೊಂಡರೂ ಬಸ್ಸಿನ ನಂಬರು ಕಾಣುತ್ತಿರಲಿಲ್ಲ. ಅಂಥ ಕಣ್ಣು ಅವನದು. ಪ್ರೆಸ್ಸಿನಲ್ಲಿ ಅವನಿಗೆ ಭೂತಗನ್ನಡಿ ಎಂದೇ ಹೆಸರು. ಔಷಧದ ಡಬ್ಬಿಯೊಳಗೆ ಮಡಚಿಡುವ ಚೀಟಿಗಳ ಕರಡು ತಿದ್ದುವ ಕೆಲಸವನ್ನೆಲ್ಲ ಅವನ ತಲೆಗೇ ಕಟ್ಟುತ್ತಿದ್ದರು. ವರ್ಷಗಟ್ಟಲೆ ಕಾಗದಕ್ಕೆ ಮೂಗು ಉಜ್ಜಿ ಅವನು ಬಸವಳಿದುಹೋಗಿದ್ದ. ಪೋಸ್ಟರ್ ವಿಭಾಗಕ್ಕೆ ಹೋಗಿ, ಅಂಗೈಯಗಲದ ಅಕ್ಷರ ನೋಡಿಕೊಂಡಿದ್ದರೆ ಸಾಕೆಂಬುದೊಂದೇ ಅವನ ಆಸೆ. "ಡಾಕ್ಟ್ರ ಕೈಲಿ ಹೇಳಿಸು, ನೋಡೋಣ" ಎಂದಿದ್ದರು ಯಜಮಾನರು.

ಹೆಂಡತಿಯ ಜೊತೆ ಹೋದ. ಕಣ್ಣಿನ ಡಾಕ್ಟರು ಹನಿ ಹಾಕಿ, ದೀಪ ಬಿಟ್ಟು ನೋಡಿ ನಿಟ್ಟುಸಿರಿಟ್ಟರು.

"ನಿಮ್ಮ ಕಣ್ಣುಗುಡ್ಡೆ ಹಿಂದಕ್ಕೆ ಉದ್ದ ಬೆಳೆದಿದೆ ಕಣ್ರೀ. ಚೆಂಡಿನ ಹಾಗಿರ್ಬೇಕಾದ್ದು ಮೊಟ್ಟೆ ಹಾಗಾಗಿದೆ. ಒಳಗಿನ ಪರದೆ ಎಳೆದೆಳೆದು ತೆಳ್ಳಗಾಗಿದೆ, ರಕ್ತದ ಓಡಾಟಾನೂ ಕಮ್ಮಿ. ತಲೆಗೆ ಪೆಟ್ಟು ಬೀಳ್ಬಾರ್ದು. ಸಣ್ಣ ಅಕ್ಷರ ಇನ್ನು ಸಾಕು."

"ಇದನ್ನೇ ನಮ್ಮ ಯಜಮಾನ್ರಿಗೆ ಫೋನ್ ಮಾಡಿ ಹೇಳ್ತೀರಾ ಸಾರ್? ಒಂದು ತಪ್ಪೂ ಬಿಡಲ್ಲ ಅಂತ ಎಲ್ಲಾ ನನಗೇ ತಳ್ತಾರೆ."

"ಒಂದೂ ಬಿಡಲ್ವಾ?" ಡಾಕ್ಟರ ಹುಬ್ಬು ಮೇಲೇರಿತು. "ಖಂಡಿತ ಮಾಡ್ತೀನಿ."

ಮನೆಯ ಬಾಗಿಲಲ್ಲೇ ಪಕ್ಕದ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ವಿಷಯವನ್ನೆಲ್ಲ ಬಾಯಿಬಿಡಿಸಿದರು.

"ಕಣ್ಣಿಗೆ ರಕ್ತ ಹೋಗ್ತಿಲ್ವಾ? ಅಷ್ಟೇನಾ! ನೀರು ಇಳಿಜಾರಿಗೆ ಹರಿಯುತ್ತೋ ಇಲ್ವೋ? ತಲೆ ಕೆಳಗೆ ಮಾಡಿ."

ಮೇಷ್ಟ್ರ ಜೊತೆ ವಾದ ಮಾಡಿ ಆ ಬೀದಿಯಲ್ಲಿ ಗೆದ್ದವರಿಲ್ಲ, ಅವನಿಗಂತೂ ಅಷ್ಟು ತ್ರಾಣವೂ ಇರಲಿಲ್ಲ. ಹೆಂಡತಿ ಅಡುಗೆಮನೆಗೆ ಹೋದದ್ದೇ ತಡ, ಹಿಂದೆಯೇ ಒಳಬಂದ ಮೇಷ್ಟ್ರ ಎದುರಿಗೇ ಕನ್ನಡಕ ನೆಲಕ್ಕಿಟ್ಟು ಮಂಚದ ಅಂಚಿನಿಂದ ತಲೆ ಇಳಿಬಿಟ್ಟ. ಎದುರುಮನೆ ಅಜ್ಜಿ ಕಿಟಕಿಯಲ್ಲಿ ಇಣುಕಿದಳು.

"ಅಯ್ಯಯ್ಯೋ, ಹೋಗೇಬಿಟ್ನಲ್ಲೇ!"

ಆ ಕೂಗಿಗೆ ಮೇಷ್ಟ್ರು ಬೆಚ್ಚಿ ಹಿಂದೆ ಸರಿದರು. ಕಾಲಡಿಯಲ್ಲಿ ಕನ್ನಡಕ ಪುಡಿಯಾಯಿತು. ಹೆಂಡತಿ ಸೌಟು ಹಿಡಿದೇ ಓಡಿಬಂದಳು.

"ಡಾಕ್ಟ್ರು ಏನಂದ್ರು, ನೀವೇನ್ ಮಾಡ್ತಿದೀರಾ? ಮೇಷ್ಟ್ರೇ, ನಿಮಗಾದ್ರೂ ಬುದ್ಧಿ ಬೇಡ್ವಾ?"

ಅಷ್ಟರಲ್ಲಿ ಯಜಮಾನರ ಫೋನು. "ಡಾಕ್ಟ್ರು ಎಲ್ಲಾ ಹೇಳಿದ್ರಪ್ಪಾ. ಈಗ್ಲೇ ಬಾ."

ಕನ್ನಡಕ ಹೋದ ದುಃಖವೇ ಅವನಿಗೆ ಮರೆತುಹೋಯಿತು. ಹೆಂಡತಿಯ ತೋಳು ಹಿಡಿದು, ದಾರಿಯ ಕಂಬಗಳಿಗೆಲ್ಲ "ಸ್ವಲ್ಪ ಜಾಗ ಬಿಡಿ" ಎನ್ನುತ್ತ ಪ್ರೆಸ್ಸು ಮುಟ್ಟಿದ.

ಯಜಮಾನರು ಎದ್ದು ಬಂದು ಬೆನ್ನು ತಟ್ಟಿದರು. "ಇಷ್ಟು ದಿನ ನಿನ್ನ ಬೆಲೆ ಗೊತ್ತಾಗ್ಲಿಲ್ಲ ನೋಡು. ಡಾಕ್ಟ್ರು ರೋಗಿಗಳಿಗೆ ಹಂಚೋಕೆ ಚೀಟಿ ಮಾಡಿಸ್ತಿದಾರೆ, ಜೇಬಲ್ಲಿಡೋ ಅಷ್ಟು ಪುಟ್ಟದು. ಕರಡು ನೀನೇ ನೋಡ್ಬೇಕಂತೆ, ಇಲ್ದಿದ್ರೆ ಕೆಲಸಾನೇ ಬೇರೆ ಪ್ರೆಸ್ಸಿಗಂತೆ. ಸಂಜೆಯೊಳಗೆ ಬೇಕು. ಓಹೋ, ಕನ್ನಡಕ ತೆಗೆದಿಟ್ಟು ರೆಡಿಯಾಗೇ ಬಂದಿದೀಯಲ್ಲ!"

"ಅಲ್ಲ, ನನಗೆ ಸಣ್ಣ ಅಕ್ಷರ ಬೇಡ ಅಂತ ಅವ್ರು..."

"ಹೇಳಿದ್ರಪ್ಪಾ. ಅದೂ ಇದ್ರಲ್ಲೇ ಇದೆಯಂತೆ."

ಅವನು ತನ್ನ ಹಳೆಯ ಕುರ್ಚಿಯಲ್ಲಿ ಕುಸಿದು, ಕಾಗದವನ್ನು ಮೂಗಿಗೆ ಅಂಟಿಸಿಕೊಂಡ. ಸಾಸಿವೆಗಿಂತ ಸಣ್ಣ ಅಕ್ಷರಗಳು. ಮೊದಲ ಸಾಲು ಹೀಗಿತ್ತು: 'ಕಣ್ಣುಗುಡ್ಡೆ ಉದ್ದವಾದವರು ಸಣ್ಣ ಅಕ್ಷರಗಳನ್ನು ಓದಕೂಡದು.'

ತಪ್ಪೇನೂ ಇರಲಿಲ್ಲ. ಅಂಚಿನಲ್ಲಿ ಸರಿ ಗುರುತು ಹಾಕಿ ಎರಡನೆಯ ಸಾಲಿಗೆ ಇಳಿದ.