ಬೀರುವಿನೊಳಗಿನ ಪರಿಸರ

ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಪರಿಸರ ಪಾಠ ಹೇಳುತ್ತಿದ್ದೇನೆ. ಪುಸ್ತಕ ತೆರೆದರೆ ಯಾರಿಗೂ ನಗು ಬರುವುದಿಲ್ಲ. ಪಾಠೋಪಕರಣ ಅಂತ ಏನಾದರೂ ಶಾಲೆಯ ಗೇಟು ದಾಟಿತೋ, ತಮಾಷೆ ಶುರು. ನನ್ನ ಮನೆ ತುಮಕೂರಿನ ಬಟವಾಡಿಯಲ್ಲಿ, ಶಾಲೆ ಗುಬ್ಬಿ ಹತ್ತಿರದ ಒಂದು ಹಳ್ಳಿಯಲ್ಲಿ.

೧. ಪೂಜೆ

ಎರಡು ವರ್ಷದ ಹಿಂದೆ ನಮಗೊಂದು ಪರಿಸರ ಕಿಟ್ ಬಂತು. ಭೂತಗನ್ನಡಿಗಳು, ಬೀಜದ ಡಬ್ಬಿಗಳು, ಆಹಾರ ಸರಪಳಿಯ ದೊಡ್ಡ ಚಾರ್ಟು. ನಾನು ಕೈ ಹಾಕುವಷ್ಟರಲ್ಲಿ ಹೆಡ್‌ಮಾಸ್ಟರು ಎಲ್ಲವನ್ನೂ ಮರದ ಬೀರುವಿಗೆ ಸೇರಿಸಿ ಬೀಗ ಜಡಿದರು.

"ಮಕ್ಕಳ ಕೈಗೆ ಕೊಟ್ರೆ ಹಾಳಾಗ್ತವೆ ಮಿಸ್. ಸ್ಟಾಕ್ ರಿಜಿಸ್ಟರ್‌ನಲ್ಲಿ ನನ್ ಸೈನ್ ಇದೆ."

ಆಯುಧಪೂಜೆಗಾದರೂ ತೆಗೆದಾರು ಅಂದುಕೊಂಡೆ. ಊಹೂಂ. ಮುಚ್ಚಿದ ಬಾಗಿಲಿಗೇ ವಿಭೂತಿ, ಕುಂಕುಮ ಹಚ್ಚಿ, ಹಾರ ಹಾಕಿ, ಬೂದುಗುಂಬಳಕಾಯಿ ಒಡೆದರು. ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಕೈಮುಗಿದು ಕೇಳಿದಳು, "ಮಿಸ್, ಇದ್ರೊಳ್ಗೆ ಯಾವ ದೇವ್ರು ಐತೆ?"

"ಪರಿಸರ ಕಣಮ್ಮ" ಅಂದೆ.

ಅವಳು ಇನ್ನೊಂದು ಸಲ ಕೈಮುಗಿದಳು.

೨. ಸಿಪ್ಪೆ

ಕಿಟ್ ಇಲ್ಲದಿದ್ದರೇನು, ಗೊಬ್ಬರ ಮಾಡಿ ತೋರಿಸೋಣ ಅಂತ ಒಂದು ಮಡಕೆ ಇಟ್ಟೆ. "ನಾಳೆ ಎಲ್ಲರೂ ಮನೆಯಿಂದ ತರಕಾರಿ ಸಿಪ್ಪೆ ತನ್ನಿ" ಅಂತ ಹೇಳಿದೆ. ಮರುದಿನ ಸಿಪ್ಪೆ ಬರಲಿಲ್ಲ, ಒಬ್ಬ ಹುಡುಗನ ತಾಯಿ ಬಂದರು.

"ಅಲ್ಲ ಮಿಸ್, ಸಿಪ್ಪೆ ನಿಮ್ಗೆ ಕೊಟ್ರೆ ನಮ್ ಹಸ ಏನ್ ತಿನ್ಬೇಕು?"

ಊರಲ್ಲಿ ಹಸಿಕಸವೇ ಇಲ್ಲ! ಪಾಠ ಹೇಳಹೋದ ನನಗೇ ನಾಚಿಕೆಯಾಯಿತು. ಕೊನೆಗೆ ಬಟವಾಡಿಯ ನಮ್ಮ ಮನೆಯ ಸಿಪ್ಪೆಯನ್ನು ಬಕೆಟ್ಟಿಗೆ ತುಂಬಿ ಬಸ್ಸು ಹತ್ತಿದೆ. ಕಂಡಕ್ಟರ್ ಮೂಗು ಮುಚ್ಚಿಕೊಂಡ.

"ಏನ್ ಮೇಡಂ ಇದು?"

"ಪಾಠೋಪಕರಣ."

"ಹಂಗಾದ್ರೆ ಪಾಠನ ಕೊನೇ ಸೀಟಲ್ಲಿ ಮಾಡಿ."

೩. ತಪಾಸಣೆ

ಈ ವರ್ಷ ಸುದ್ದಿ ಬಂತು: ಅಧಿಕಾರಿಗಳು ತಪಾಸಣೆಗೆ ಬರುತ್ತಾರೆ, ಬಳಸದ ಕಿಟ್ಟನ್ನು ಕುಣಿಗಲ್ ಕಡೆಯ ಶಾಲೆಗೆ ಕಳಿಸುತ್ತಾರೆ. ನನಗೆ ಹೊಟ್ಟೆ ಉರಿಯಿತು. ನಮ್ಮ ಮಕ್ಕಳು ಆ ಭೂತಗನ್ನಡಿಯಲ್ಲಿ ಒಂದೇ ಒಂದು ಇರುವೆಯನ್ನೂ ನೋಡಿರಲಿಲ್ಲ. ಹೆಡ್‌ಮಾಸ್ಟರು ಮಾತ್ರ ನಿಶ್ಚಿಂತೆ. "ಹೊಸದರಂಗೆ ಇಟ್ಟಿದೀನಿ, ಬಿಡಿ. ನೋಡಿದ್ರೆ ಮೆಚ್ಕೋತಾರೆ."

ಅಧಿಕಾರಿ ಬಂದರು. ಹೆಡ್‌ಮಾಸ್ಟರು ಬೀಗ ತೆಗೆದರು. ಬೀರುವಿನ ಹಿಂಬದಿಯ ಹಲಗೆ ತೂತಾಗಿತ್ತು. ಚಾರ್ಟು ಅರ್ಧ ಗೆದ್ದಲ ಪಾಲಾಗಿತ್ತು. ಬೀಜದ ಡಬ್ಬಿಗಳು ಖಾಲಿ, ಒಂದರಲ್ಲಿ ಇಲಿಮರಿಗಳು. ಉಳಿದರ್ಧ ಚಾರ್ಟಿನ ಮೇಲೆ ಎರಡು ಹಲ್ಲಿಗಳು ಗೆದ್ದಲನ್ನು ಗುಳುಂ ಗುಳುಂ ನುಂಗುತ್ತಿದ್ದವು. ಹೆಡ್‌ಮಾಸ್ಟರ ಮುಖ ಬಿಳಿಚಿಕೊಂಡಿತು.

ಅಂದು ಕೈಮುಗಿದಿದ್ದ ಹುಡುಗಿ ಈಗ ಐದನೇ ಕ್ಲಾಸು. ಒಳಗಿಂದ ಭೂತಗನ್ನಡಿ ಎಳೆದುಕೊಂಡು ಕೂಗಿದಳು, "ಸಾರ್, ಚಾರ್ಟ್ನ ಗೆದ್ಲು ತಿಂದೈತೆ, ಗೆದ್ಲನ್ನ ಹಲ್ಲಿ ತಿಂತಾ ಐತೆ! ಆಹಾರ ಸರಪಳಿ ಸಾರ್!"

ಅಧಿಕಾರಿ ನಗು ತಡೆದುಕೊಂಡು ಕೇಳಿದರು, "ಇದನ್ನೆಲ್ಲ ಯಾರ್ರೀ ಮಾಡಿಸಿದ್ದು?"

ಹೆಡ್‌ಮಾಸ್ಟರು ಬೆವರೊರೆಸಿಕೊಂಡರು. "ನಾನೇ ಸಾರ್. ಎರಡು ವರ್ಷ ಬಾಗ್ಲು ತೆಗೀದೆ ಕಾಪಾಡಿದೀನಿ."

ಅಧಿಕಾರಿ ಹೊಟ್ಟೆ ಹಿಡಿದು ನಕ್ಕರು. ಕಿಟ್ ಇಲ್ಲೇ ಇರಲಿ ಅಂತ ಬರೆದು, ಬೀಗದ ಕೈಯನ್ನು ನನ್ನ ಕೈಗಿಟ್ಟು ಹೊರಟರು. ನನಗೆ ಕುಣಿಯುವಷ್ಟು ಖುಷಿ. ಮಕ್ಕಳು ಆಗಲೇ ಭೂತಗನ್ನಡಿಗೆ ಕಿತ್ತಾಡುತ್ತಿದ್ದರು. ಹೆಡ್‌ಮಾಸ್ಟರು ಮೆಲ್ಲಗೆ ನನ್ನ ಪಕ್ಕಕ್ಕೆ ಬಂದರು.

"ಮಿಸ್, ಈ ಹಲ್ಲಿಗಳ್ನ ಈಗ ಸ್ಟಾಕ್ ರಿಜಿಸ್ಟರ್‌ಗೆ ಏರಿಸ್ಬೇಕಾ?"