ಈರಮ್ಮಾಯಿಯ ಕಟ್ಟೆ ಮತ್ತು ನನ್ನ ಕೆಂಪು ಬಣ್ಣ

ಸುಮ್ಮನೆ ನೋಡುವುದು ನಮ್ಮ ಕಡೆ ಅಷ್ಟು ಸುಲಭದ ಕೆಲಸವಲ್ಲ. ಎಮ್ಮೆಯನ್ನು ಹೆಚ್ಚು ಹೊತ್ತು ನೋಡಿದರೆ ಕೊಳ್ಳಲು ಬಂದವರು, ಮಗುವನ್ನು ನೋಡಿದರೆ ದೃಷ್ಟಿ ತಾಗಿಸುವವರು, ಮನೆಯನ್ನು ನೋಡಿದರೆ ಬಾಡಿಗೆ ಕೇಳಲು ಬಂದವರು. ಕೊಳ್ಳುವ, ಕೊಡುವ ಯಾವ ಉದ್ದೇಶವೂ ಇಲ್ಲದೆ ಒಂದು ವಸ್ತುವನ್ನು ಅರ್ಧ ತಾಸು ನೋಡುವವರಿಗೆ ನಮ್ಮಲ್ಲಿ ಇನ್ನೂ ಯಾರೂ ಹೆಸರಿಟ್ಟಿಲ್ಲ. ಹೆಸರಿಲ್ಲದ ಆ ಗುಂಪಿಗೆ ಸೇರಿದವಳು ನಾನು. ನಾನು ಚಿತ್ರ ಬರೆಯುತ್ತೇನೆ. ಈ ಒಂದು ವಾಕ್ಯ ಬರೆಯಲು ನನಗಾದ ಸಂಕೋಚ, ಕದ್ದು ಸಿಗರೇಟು ಸೇದುವವರಿಗೆ ಅದನ್ನು ಮನೆಯಲ್ಲಿ ಹೇಳುವಾಗಲೂ ಆಗಲಿಕ್ಕಿಲ್ಲ.

ನಾನು ಸುರಪುರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ತವರೂರು ಕೆಂಭಾವಿ; ಇಲ್ಲಿ ಸುರಪುರದಲ್ಲಿ, ಎರಡು ಬೈಕುಗಳು ಎದುರುಬದುರಾದರೆ ಒಂದು ಹಿಂದೆ ಸರಿಯಬೇಕಾದಂಥ ಓಣಿಯಲ್ಲಿ, ಮಾಳಿಗೆಯ ಮೇಲಿನ ಕೋಣೆಯೊಂದರಲ್ಲಿ ಬಾಡಿಗೆಗಿದ್ದೇನೆ. ಕಳೆದ ವರ್ಷ ನನಗೊಂದು ಕಷ್ಟ ಬಂತು. ಅದೇನೆಂದು ಹೇಳುವುದಿಲ್ಲ, ಕಷ್ಟಗಳಲ್ಲಿ ಕೆಲವಾದರೂ ಸ್ವಂತಕ್ಕೆ ಇರಲಿ. ಊಟ ಸೇರುತ್ತಿರಲಿಲ್ಲ, ಮಾತು ಮೊದಲೇ ಕಡಿಮೆ, ಅದೂ ನಿಂತಿತು. ಅವ್ವ ಫೋನಿನಲ್ಲಿ, "ಸೋಮವಾರ ಒಪ್ಪತ್ತು ಮಾಡು, ಎಲ್ಲಾ ಸರಿ ಹೋಗ್ತದ" ಎಂದಳು. ಮಾಡಿದೆ. ಹಸಿವಾಯಿತು, ಬೇರೇನೂ ಆಗಲಿಲ್ಲ. "ಹಂಗಾರ ದಿನಾ ಲಿಂಗಪೂಜಿಗೆ ಕೂಡು, ಮನಸ್ಸು ನಿಲ್ತದ" ಎಂದಳು. ಇದು ನನ್ನ ಹಳೆಯ ಸಮಸ್ಯೆ. ನಮ್ಮ ಅಜ್ಜಿ ಅಂಗೈಯಲ್ಲಿ ಇಷ್ಟಲಿಂಗವಿಟ್ಟುಕೊಂಡು ದೃಷ್ಟಿ ನೆಟ್ಟರೆ ಒಲೆಯ ಮೇಲೆ ಹಾಲು ಉಕ್ಕಿದರೂ ಕದಲುತ್ತಿರಲಿಲ್ಲ. ನನ್ನ ಕಣ್ಣು ಮಾತ್ರ ಲಿಂಗದಿಂದ ಬೆರಳಿಗೆ, ಬೆರಳಿನಿಂದ ಎದುರಿನ ತಂಬಿಗೆಗೆ, ತಂಬಿಗೆಯಿಂದ ಅದರ ಹೊಟ್ಟೆಯಲ್ಲಿ ಬಾಗಿ ಕಾಣುವ ಕಿಟಕಿಗೆ ಹೋಗಿಬಿಡುತ್ತದೆ. ಒಂದು ಬೆಳಿಗ್ಗೆ ಸೋತು, ಹೋಗುವ ಕಣ್ಣು ಹೋಗಲಿ ಎಂದು ಆ ತಂಬಿಗೆಯನ್ನೇ ಕಾಗದದ ಮೇಲೆ ಬರೆಯಲು ಕುಳಿತೆ. ತಂಬಿಗೆ ಬದನೆಕಾಯಿಯ ಹಾಗೆ ಬಂತು. ಆದರೆ ಏಳುವ ಹೊತ್ತಿಗೆ ಬಿಸಿಲು ಬಾಗಿಲು ದಾಟಿ ಒಳಗೆ ಬಂದಿತ್ತು, ಮತ್ತು ಅಷ್ಟು ಹೊತ್ತು ನನ್ನ ಕಷ್ಟ ನನಗೆ ನೆನಪಾಗಿರಲಿಲ್ಲ. ಅಜ್ಜಿ ನೋಡುತ್ತಿದ್ದದ್ದು ಹೀಗೆಯೇ ಇರಬೇಕು ಎನಿಸಿತು. ಅಂದು ಎರಡು ರೊಟ್ಟಿ ಹೆಚ್ಚು ತಿಂದೆ. ಆಮೇಲೆ ದಿನವೂ ಕಣ್ಣಿಗೆ ಬಿದ್ದದ್ದೊಂದನ್ನು ಬರೆಯತೊಡಗಿದೆ. ಅವ್ವನಿಗೆ ಇದನ್ನು ಹೇಳಲಿಲ್ಲ. ಮಗಳು ಪೂಜೆಗೆ ಕುಳಿತು ತಂಬಿಗೆ ನೋಡುತ್ತಾಳೆಂದು ತಿಳಿದರೆ ಇನ್ನೊಂದು ಒಪ್ಪತ್ತು ಸೇರಿಸುತ್ತಿದ್ದಳು.

ಸುರಪುರದಲ್ಲಿ ಚಿತ್ರ ಎಂದರೆ ದೊಡ್ಡ ಮಾತು. ಹಿಂದಿನ ಕಾಲದ ಇಲ್ಲಿಯ ಚಿತ್ರಗಾರರು ದೇವರನ್ನೂ ಅರಸರನ್ನೂ ಬರೆದು ಬಂಗಾರದ ರೇಕು ಹಚ್ಚುತ್ತಿದ್ದರಂತೆ. ಅಂಥ ಊರಿನಲ್ಲಿ ಕುಳಿತು ಪ್ಲಾಸ್ಟಿಕ್ ಬಕೆಟ್ ಬರೆಯುವವಳು ಬಾಗಿಲು ಹಾಕಿಕೊಳ್ಳುವುದೇ ಮರ್ಯಾದೆ. ಒಮ್ಮೆ ಗೌರವದ ವಿಷಯವನ್ನೇ ಬರೆಯೋಣವೆಂದು, ಹಕ್ಕಿಗಳಿಗೆ ಹೆಸರಾದ ಬೋನಾಳ ಕೆರೆಗೆ ಹೋಗಿದ್ದೆ. ಅಲ್ಲಿ ಹಕ್ಕಿಗಳು ಒಂದು ಕಡೆ ಕೂರಲಿಲ್ಲ, ಜನ ಕೂತರು. ಕಾಗದದತ್ತ ಕತ್ತು ಚಾಚಿದ ಒಬ್ಬಾತ ಮೆಲ್ಲಗೆ, "ಹಕ್ಕಿಗೆ ಏನರ ಜಡ್ಡು ಬಂದದೇನ್ರಿ ಮೇಡಂ? ನಮ್ಮ ಕೋಳಿ ಒಯ್ಯಂಗಿಲ್ಲಲ್ಲ?" ಎಂದು ಕೇಳಿದ. ನನ್ನ ಮುಖದಲ್ಲಿ ಏನೋ ಒಂದು ಸರ್ಕಾರಿ ಕಳೆ ಇದೆಯೆಂದು ನಾನು ಅಂದೇ ತಿಳಿದುಕೊಳ್ಳಬೇಕಿತ್ತು. ತಿಳಿಯಲಿಲ್ಲ. ಬಣ್ಣದ ಪೆಟ್ಟಿಗೆ ಎತ್ತಿಕೊಂಡು ಬಂದು, ಇನ್ನು ಮಾಳಿಗೆಯಿಂದ ಕಂಡಷ್ಟನ್ನೇ ಬರೆಯುವುದೆಂದು ನಿಶ್ಚಯಿಸಿದೆ.

ಮಾಳಿಗೆಯಿಂದ ಕಾಣುವುದು ನಮ್ಮ ಓಣಿ. ಎದುರಿಗೆ, ಓಣಿಯೆಲ್ಲ ಆಯಿ, ಅಂದರೆ ಅಜ್ಜಿ, ಎನ್ನುವ ಈರಮ್ಮಾಯಿಯ ಮನೆ, ಅದರ ನೀಲಿ ಬಾಗಿಲು, ಬಾಗಿಲ ಮುಂದೆ ಕಲ್ಲಿನ ಕಟ್ಟೆ. ಪಕ್ಕದಲ್ಲಿ ಸಿದ್ರಾಮಪ್ಪನ ಕಿರಾಣಿ ಅಂಗಡಿ, ಅದರ ಮುಂದೆ ತಗಡಿನ ಚಪ್ಪರ. ಕಟ್ಟೆಯ ಮೇಲೆ ಬೆಳಿಗ್ಗೆಯಿಂದ ಈರಮ್ಮಾಯಿ ಮೊರ ಹಿಡಿದು ಕುಳಿತಿರುತ್ತಾಳೆ. ಬೇಳೆ ಹಸನು ಮಾಡುತ್ತಾಳೆ, ಹಾಯುವವರನ್ನೆಲ್ಲ ನಿಲ್ಲಿಸಿ ವಿಚಾರಿಸುತ್ತಾಳೆ. ಇದೆಲ್ಲವನ್ನೂ ಒಂದೇ ದೊಡ್ಡ ಕಾಗದದಲ್ಲಿ ತರಲು ಹೊರಟೆ. ಭೌತಶಾಸ್ತ್ರದವಳಾದ್ದರಿಂದ ಅಂದಾಜಿನಲ್ಲಿ ನನಗೆ ನಂಬಿಕೆಯಿಲ್ಲ. ತೋಳು ಚಾಚಿ ಪೆನ್ಸಿಲ್ ಹಿಡಿದು, ಒಂದು ಕಣ್ಣು ಮುಚ್ಚಿ, ಬಾಗಿಲಿಗೆ ಕಟ್ಟೆ ಎಷ್ಟು, ಕಟ್ಟೆಗೆ ಚಪ್ಪರ ಎಷ್ಟು ಎಂದು ಅಳೆದು ಗುರುತು ಹಾಕಿಕೊಳ್ಳುತ್ತಿದ್ದೆ. ದಿನವೂ ಕಾಲೇಜಿಗೆ ಹೊರಡುವ ಮುನ್ನ ಇಷ್ಟಾದರೆ ಆ ದಿನವನ್ನು ದಾಟಲು ಧೈರ್ಯ ಬರುತ್ತಿತ್ತು.

ಆಗಲೇ ಓಣಿ ನನ್ನನ್ನು ಗೌರವಿಸತೊಡಗಿತು. ಎದುರಿಗೆ ಬಂದ ಗಂಡಸರು ಬೈಕು ಬದಿಗೆ ಸರಿಸಿದರು. ಪರಿಚಯವಿಲ್ಲದ ಮನೆಯಿಂದ ಚಹಾ ಬಂತು. ಸಿದ್ರಾಮಪ್ಪ, "ನೀವ್ಯಾಕ ನಿಂತೀರಿ ಮೇಡಂ, ಮುಂದ ಬರ್ರಿ" ಎಂದು ಗಿರಾಕಿಗಳನ್ನೆಲ್ಲ ದಾಟಿಸಿ ನನಗೆ ಮೊದಲು ಜೋಳ ತೂಗಿದ. ಕೊಡುವಾಗ ದನಿ ತಗ್ಗಿಸಿ, "ನಮ್ಮ ಕಡಿ ಜರಾ ಲಕ್ಷ್ಯ ಇರ್ಲಿ" ಎಂದ. ಆತನ ಮಗಳು ನಮ್ಮ ಕಾಲೇಜಿನಲ್ಲಿ ಓದುತ್ತಾಳೆ, ಅದಕ್ಕೇ ಇರಬೇಕೆಂದು ನಾನು, "ಆಗಲಿ, ನೋಡ್ತೀನಿ" ಎಂದೆ. ನನ್ನ ಪಾಠದ ಕೀರ್ತಿ ಕೊನೆಗೂ ಓಣಿಗೆ ಮುಟ್ಟಿತೆಂದು ಅಂದೆಲ್ಲ ಒಳಗೊಳಗೇ ಹಿಗ್ಗಿದ್ದೆ. ಮರುದಿನ ನೋಡಿದರೆ ಅಂಗಡಿಯ ಮುಂದಿನ ಚಪ್ಪರವೇ ಇಲ್ಲ. ಕಾಗದದ ಮೇಲೆ ಆ ಚಪ್ಪರದ ನೆರಳಿಗಾಗಿ ನಾನು ಪಟ್ಟ ಪಾಡು ನನಗೇ ಗೊತ್ತು. ಕೆಳಗಿಳಿದು, "ತಗಡು ಯಾಕ ತಗದ್ರಿ? ಅದು ಇರ್ಬೇಕಿತ್ತು" ಎಂದೆ. ಸಿದ್ರಾಮಪ್ಪ ಗೋಡೆಗೆ ಒರಗಿಸಿದ ತಗಡುಗಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಇರ್ಬೇಕಿತ್ತು?" ಎಂದ. ಅವನ ದನಿಯಲ್ಲಿದ್ದ ನೋವು ನನಗೆ ಅರ್ಥವಾಗಲಿಲ್ಲ.

ಅದಾದ ಮೇಲೆ ಕೆಂಪಿನ ಪ್ರಕರಣ. ಚಿತ್ರದಲ್ಲಿ ಈರಮ್ಮಾಯಿಯ ಸೀರೆಯ ಸೆರಗಿಗೆ ಕೆಂಪು ಹಚ್ಚಿ, ಕುಂಚವನ್ನು ಮಾಳಿಗೆಯ ಗೋಡೆಯಾಚೆ ಝಾಡಿಸಿದೆ. ನನ್ನ ಶಿಸ್ತಿನ ಜೀವನದಲ್ಲಿ ನಾನು ಉಳಿಸಿಕೊಂಡಿರುವ ಒಂದೇ ಒರಟುತನ ಅದು. ಗಾಳಿಗೆ ಹನಿಗಳು ಓಣಿ ದಾಟಿ, ಕಟ್ಟೆಯ ಅಂಚಿನ ಮೇಲೆ, ದಾರ ಹಿಡಿದು ಇಟ್ಟಂತೆ ಸಾಲಾಗಿ ಬಿದ್ದವು. ನಾನು ಕಾಲೇಜಿಗೆ ಹೋಗುವ ಅವಸರದಲ್ಲಿದ್ದೆ, ನೋಡಲಿಲ್ಲ. ಸಂಜೆ ಬಂದಾಗ ಕಟ್ಟೆ ಖಾಲಿಯಿತ್ತು. ಈರಮ್ಮಾಯಿ ಹೊಸ್ತಿಲ ಒಳಗೆ ಕುಳಿತಿದ್ದಳು. ಮೈಯಲ್ಲಿ ಹುಷಾರಿಲ್ಲವೇನೋ ಎಂದುಕೊಂಡು ಮೇಲೆ ಹೋದೆ. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ, ಒಂದೊಂದಕ್ಕೂ "ಶಿವನೇ" ಎಂದು ನಿಲ್ಲುವ ಸದ್ದು ಕೇಳಿತು. ಮೊಣಕಾಲು ನೋವಿನ ಆ ಮುದುಕಿ ಕೈಯಲ್ಲಿ ಸ್ಟೀಲಿನ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಶೇಂಗಾದ ಹೋಳಿಗಿ ಅವ. ತಿನ್ನು," ಎಂದು ಡಬ್ಬಿ ಇಟ್ಟು ಕುಳಿತಳು. "ಖರೇ ಹೇಳವ್ವ. ಪೂರಾ ಒಡೀತಾರೋ, ಅರ್ಧಾ ಬಿಡ್ತಾರೋ?"

"ಏನು, ಆಯಿ?"

"ನಮ್ಮ ಕಟ್ಟಿ. ಕೆಂಪ್ ಗುರ್ತು ಹಾಕೀದಿಯಲ್ಲ."

ದೊಡ್ಡ ರಸ್ತೆ ಅಗಲ ಮಾಡುವಾಗ ಗೋಡೆಗಳಿಗೆ ಕೆಂಪು ಗುರುತು ಹಾಕಿದ್ದನ್ನೂ, ಗುರುತಿನ ಈಚೆಗಿದ್ದದ್ದೆಲ್ಲ ಆಮೇಲೆ ಏನಾಯಿತೆಂಬುದನ್ನೂ ಈ ಊರಿನಲ್ಲಿ ಮರೆತವರಿಲ್ಲ. ಚಹಾ, ಜೋಳ, ತಗಡು, ಬೆಳಿಗ್ಗೆ ಝಾಡಿಸಿದ ಕುಂಚ ಎಲ್ಲವೂ ಆಗ ಒಟ್ಟಿಗೆ ನನ್ನ ತಲೆಗೆ ಹೊಳೆದವು.

"ನಾ ಅಂಥಾಕಿ ಅಲ್ಲ ಆಯಿ. ಕಾಲೇಜಿನಾಗ ಕಲಸ್ತೀನಿ."

"ಕಲಸ್ತಿ, ಬಿಡು. ದಿನಾ ಮುಂಜಾನಿ ಒಂದು ಕಣ್ಣು ಮುಚ್ಚಿ ಓಣಿ ಅಳೀತಿಯಲ್ಲ, ಅದು ಯಾವ ಪಾಠ? ಸಿದ್ರಾಮಪ್ಪ ಹೇಳ್ಯಾನ, ಈಕಿ ಸರ್ವೇದಾಕಿ, ಗೊತ್ತಾಗಬಾರ್ದಂತ ಕಾಲೇಜು ಸೇರ್ಯಾಳ, ಬಾಡಿಗಿ ಹಿಡದಾಳ ಅಂತ. ಅವಂದೇನು, ತಗಡು. ಬಿಚ್ಚಿದರ ಬಿಚ್ತದ. ನಂದು ಕಲ್ಲು. ನಾ ಎಲ್ಲಿ ಒಯ್ದಿಡ್ಲಿ?" ಮೊಣಕಾಲು ನೀವಿಕೊಳ್ಳುತ್ತ ಬೇರೆಯದೇ ದನಿಯಲ್ಲಿ ಹೇಳಿದಳು: "ನನಗ ಗುಡಿಗೆ ನಡಿಯಾಕ ಆಗಂಗಿಲ್ಲ, ಸಂತಿಗೆ ನಡಿಯಾಕ ಆಗಂಗಿಲ್ಲ. ಕಟ್ಟಿ ಮ್ಯಾಲ ಕುಂತ್ರ ಗುಡಿಗೆ ಹೋಗೋರೂ ಹಾಯ್ತಾರ, ಸಂತಿಗೆ ಹೋಗೋರೂ ಹಾಯ್ತಾರ. ಒಳಗ ಕುಂತ್ರ ಗೋಡಿ ನೋಡ್ಬೇಕು."

ನಾನು ಅಲ್ಲ ಎಂದಷ್ಟೂ ಅವಳ ಅನುಮಾನ ಗಟ್ಟಿಯಾಯಿತು. ಅಧಿಕಾರಿಗಳೆಲ್ಲ ಹಾಗೆಯೇ ಹೇಳುತ್ತಾರಂತೆ. ಉಳಿದದ್ದು ಒಂದೇ ದಾರಿ. ಮಂಚದ ಕೆಳಗಿನಿಂದ, ಹಳೆಯ ದಿಂಬಿನ ಚೀಲದಲ್ಲಿ ಸುತ್ತಿಟ್ಟಿದ್ದ ಚಿತ್ರಗಳನ್ನು ಹೊರತೆಗೆದೆ. ಅವನ್ನು ಯಾರೂ ನೋಡಿರಲಿಲ್ಲ. ಹೇಳದೆ ಉಳಿಸಿಕೊಂಡಿದ್ದ ಆ ಕಷ್ಟವನ್ನೇ ಬಿಚ್ಚಿ ಚಾಪೆಯ ಮೇಲೆ ಹಾಸಿದಂತಾಯಿತು.

"ಇದು ಬಕೀಟು," ಎಂದಳು ಈರಮ್ಮಾಯಿ.

"ಹೌದು."

"ಇದು ಬದನಿಕಾಯಿ."

"ತಂಬಗಿ, ಆಯಿ."

"ಇದು ಹಿಂಡಿದ ನಿಂಬಿಹಣ್ಣು. ಹಿಂಡಲಾರದ್ದು ಸಿಗಲಿಲ್ಲೇನು?" ಉತ್ತರಕ್ಕೆ ಕಾಯದೆ ಮುಂದಿನದನ್ನು ಎತ್ತಿದಳು. "ಇವಕ್ಕ ಯಾರರ ರೊಕ್ಕ ಕೊಡ್ತಾರೇನು?"

"ಇಲ್ಲ."

ಅವಳ ಮುಖದಲ್ಲಿ ಮೊದಲ ಬಾರಿಗೆ ಭಯ ಹೋಗಿ ನನ್ನ ಮೇಲೆ ಕನಿಕರ ಮೂಡಿತು. ಸರ್ಕಾರದವರು ಇಂಥವಳನ್ನು ಕಳಿಸಲಾರರು ಎಂಬ ವಿಶ್ವಾಸವೂ ಬಂದಿರಬೇಕು. ಕೊನೆಗೆ ಓಣಿಯ ಚಿತ್ರ ಬಂತು. ಅದನ್ನು ತುಂಬ ಹೊತ್ತು ನೋಡಿದಳು. ಬೆರಳನ್ನು ಕಾಗದಕ್ಕೆ ತಾಗಿಸದೆ ಕಟ್ಟೆಯ ಅಂಚಿನುದ್ದಕ್ಕೂ ಒಯ್ದಳು.

"ಇಕಿ ನಾನೇನು?"

"ಹೌದಾಯಿ."

"ನನ್ನ ಯಾಕ ಬರದಿ? ದೇವರನ್ನ ಬರೀಬಾರ್ದೇನು?"

ಇದಕ್ಕೆ ನನ್ನ ಬಳಿ ಉತ್ತರವಿತ್ತು. ಹೇಳಲಿಲ್ಲ. ಅಂಥ ಮಾತು ಮನಸ್ಸಿನೊಳಗಿದ್ದರೆ ಹಿತವಾಗಿರುತ್ತದೆ, ಬಾಯಿಗೆ ಬಂದರೆ ಪ್ರವಚನವಾಗುತ್ತದೆ. ಅವಳೂ ಕಾಯಲಿಲ್ಲ, ಚಿತ್ರದ ನೀಲಿ ಬಾಗಿಲಿಗೆ ಕಣ್ಣು ಹಾಕಿದ್ದಳು. "ಬಾಗಲಾ ಯಾಕ ಮುಚ್ಚೀದಿ? ಹಗಲೊತ್ತಿನಾಗ ಮುಚ್ಚಿದ ಮನಿ ಅಂದ್ರ ಯಾರೋ ಹೋಗ್ಯಾರ ಅಂತ ತಿಳೀತಾರ ಮಂದಿ. ತೆರಿ."

"ಒಳಗಿನ ಕತ್ತಲಿ ಬರಿಯಾಕ ನನಗ ಬರಂಗಿಲ್ಲ ಆಯಿ."

"ಕತ್ತಲಿ ಎಲ್ಲದ? ಒಳಗ ದೀಪ ಅದ. ಬಂದು ನೋಡು."

ಹೋಗಿ ನೋಡಿದೆ. ಹೋಗುವಾಗ ಆ ತಂಬಿಗೆಯ ತುಂಬ ನೀರು ಒಯ್ದು ಕಟ್ಟೆಯ ಅಂಚಿಗೆ ಸುರಿದು ಕೈಯಿಂದ ಒರಸಿದೆ. ನೀರಿನಲ್ಲಿ ಕಲಸಿದ ಬಣ್ಣ, ಒಂದೇ ತಂಬಿಗೆಗೆ ಹೋಯಿತು. ಅಂಗಡಿಯ ಮುಂದೆ ಗುಂಪುಗೂಡಿದ್ದವರು ಉಸಿರು ಬಿಟ್ಟ ಸದ್ದು ನನಗೂ ಕೇಳಿತು. ಈರಮ್ಮಾಯಿ ಒದ್ದೆ ಆರುವವರೆಗೂ ತಡೆಯದೆ ಕಟ್ಟೆಯ ಮೇಲೆ ಕುಳಿತು, ಎಲ್ಲರಿಗೂ ಕೇಳುವಂತೆ ಸಾರಿದಳು: "ಸರ್ವೇದಾಕಿ ಅಲ್ರಪ್ಪೋ. ಪಾಪ, ಸುಮ್ಮ ನೋಡ್ತಾಳ ಅಷ್ಟ."

"ಸುಮ್ಮ ನೋಡಾಕ ನನ್ನ ತಗಡು ತಗಸಿದಳಲ್ಲ," ಎಂದ ಸಿದ್ರಾಮಪ್ಪ. ಯಾರೂ ತೆಗೆಯಲು ಹೇಳಿರಲಿಲ್ಲ ಎಂದು ನೆನಪಿಸುವಷ್ಟು ನಾನು ನಿಷ್ಠುರಳಲ್ಲ. ಈಗ ಚಪ್ಪರ ಮತ್ತೆ ನಿಂತಿದೆ, ಮೊದಲಿಗಿಂತ ಸ್ವಲ್ಪ ಮುಂದಕ್ಕೇ. ಚಹಾ ನಿಂತಿದೆ. ಜೋಳಕ್ಕೆ ನಾನು ಎಲ್ಲರ ಹಿಂದೆ ನಿಲ್ಲುತ್ತೇನೆ, ನಿಂತಾಗ, ಈರಮ್ಮಾಯಿಯಿಂದ ಚಿತ್ರಗಳ ಸುದ್ದಿ ಕೇಳಿದವರೆಲ್ಲ ತಮ್ಮ ಮನೆಯ ಬಕೆಟ್ಟಿನ ಬಣ್ಣ ಹೇಳುತ್ತಾರೆ. ಚಿತ್ರದ ಬಾಗಿಲು ತೆರೆಯಲು ನನಗೆ ಬಹಳ ದಿನ ಹಿಡಿಯಿತು. ತೆರೆದು, ಒಳಗೆ ಒಂದು ಚೂರು ಹಳದಿ ಇಟ್ಟ ಬೆಳಿಗ್ಗೆ, ಕಳೆದ ವರ್ಷದ ಆ ಕಷ್ಟ ಎಲ್ಲಿಗೆ ಹೋಯಿತೆಂದು ಹುಡುಕಿದೆ. ಪೂರ್ತಿ ಹೋಗಿರಲಿಲ್ಲ, ಮೂಲೆಯಲ್ಲಿ ಕೂತಿತ್ತು, ಆದರೆ ಅದರ ಮೇಲೂ ಸ್ವಲ್ಪ ಬೆಳಕು ಬಿದ್ದಿತ್ತು.

ನನ್ನ ಕೋಣೆಯ ಬಾಗಿಲನ್ನೂ ಈಗ ತೆರೆದಿಡುತ್ತೇನೆ, ತೆರೆದಿಡದೆ ಗತಿಯಿಲ್ಲ. ಮೊಣಕಾಲು ಸ್ವಲ್ಪ ಮಾತು ಕೇಳಿದ ದಿನ ಈರಮ್ಮಾಯಿ ಮೊರ ಹಿಡಿದು ಮೇಲೆ ಬಂದು ನನ್ನ ಬದಿಗೆ ಕೂರುತ್ತಾಳೆ. ಮೊನ್ನೆ ನಾನು ಒಂದು ಕಣ್ಣು ಮುಚ್ಚಿ ಪೆನ್ಸಿಲ್ ಚಾಚಿದ್ದಾಗ, ಅವಳು ಬೇಳೆ ಬಿಟ್ಟು ನನ್ನನ್ನೇ ಎವೆಯಿಕ್ಕದೆ ನೋಡುತ್ತಿರುವುದು ಗೊತ್ತಾಯಿತು. "ಏನು ನೋಡಾಕತ್ತಿ ಆಯಿ?" ಎಂದೆ. "ಏನಿಲ್ಲ, ಸುಮ್ಮ," ಎಂದಳು. ನೋಡುವುದರ ಮಹಿಮೆಯನ್ನು ಇಷ್ಟು ಹೊತ್ತು ಬಣ್ಣಿಸಿದ ನಾನು ಪೆನ್ಸಿಲ್ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ನನ್ನದೇನಾದರೂ ರಸ್ತೆಗೆ ಚಾಚಿಕೊಂಡಿದೆಯೋ ಏನೋ ಎಂದು ಮೆಲ್ಲಗೆ ಒಂದು ಗೇಣು ಹಿಂದೆ ಸರಿದು ಕುಳಿತೆ.